ಸೈಕಲ್ ಕೊಳ್ಳುವ ಮೊದಲು ಕಾಲು ಅಳೆದುಕೊಳ್ಳಿ

ಸೈಕಲ್ ಅಂಗಡಿಗೆ ಹೋದ ತಕ್ಷಣ ಎಲ್ಲರೂ ಕೇಳುವುದು ಒಂದೇ, ‘ಎಷ್ಟು ಗೇರು?’ ಗೇರು ಆಮೇಲೆ ಬದಲಾಯಿಸಬಹುದು. ಸೀಟು, ಟೈರು, ಹ್ಯಾಂಡಲ್ ಕೂಡ. ಫ್ರೇಮು ಮಾತ್ರ ಆಗಲ್ಲ. ಅಪ್ಪನ ಕರಿ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವರು ನಾವು, ಸೈಜು ಅಂತ ಯಾರು ನೋಡುತ್ತಿದ್ದರು? ಅದೇ ಧೈರ್ಯದಲ್ಲಿ 5 ಅಡಿ 6 ಇಂಚಿನ ನಾನು ರಿಯಾಯಿತಿಗೆ ಸಿಕ್ಕಿತೆಂದು ‘ಎಲ್’ (ಲಾರ್ಜ್) ಸೈಜಿನ ಹೈಬ್ರಿಡ್ ತಂದೆ, ಅಂದರೆ ರೇಸ್ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ನಡುವಿನ ಜಾತಿ. ‘ಸೀಟು ಇಳಿಸಿದ್ರೆ ಆಯ್ತು ಸಾರ್’ ಅಂದಿದ್ದರು ಅಂಗಡಿಯವರು. ಸೀಟು ಇಳಿಯಿತು, ಹ್ಯಾಂಡಲ್ ಮಾತ್ರ ದೂರದಲ್ಲೇ ಉಳಿಯಿತು. ಎರಡು ತಿಂಗಳಲ್ಲಿ ಕತ್ತು ನೋವು, ಬೆರಳೆಲ್ಲ ಜೋಮು. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಮೊದಲು ನಿಮಗೆ ಹೈಬ್ರಿಡ್ಡೇ ಬೇಕಾ ನೋಡಿಕೊಳ್ಳಿ. ದಿನಾ ಹತ್ತು-ಹದಿನೈದು ಕಿಲೋಮೀಟರ್ ಆಫೀಸು, ಭಾನುವಾರ ಕಬ್ಬನ್ ಪಾರ್ಕು, ಯಾವಾಗಲೋ ಒಮ್ಮೆ ನಂದಿ ಬೆಟ್ಟ ಅನ್ನುವವರಿಗೆ ಇದು ಸರಿ. ರೋಡ್ ಬೈಕಿನ, ಅಂದರೆ ರೇಸ್ ಸೈಕಲ್ಲಿನ 25-28 ಮಿ.ಮೀ. ಟೈರು ನಮ್ಮ ಗುಂಡಿಗಳಿಗೆ ಹೇಳಿ ಮಾಡಿಸಿದ್ದಲ್ಲ, ಎಂಟಿಬಿಯ (ಬೆಟ್ಟದ ಸೈಕಲ್ಲಿನ) ಮುಳ್ಳುಮುಳ್ಳು ಟೈರು ಡಾಂಬರಿನ ಮೇಲೆ ಸುಮ್ನೆ ಕಾಲು ಸೋಲಿಸುತ್ತದೆ. ಟೈರಿನ ಪಕ್ಕದಲ್ಲಿ ‘700 x 38ಸಿ’ ಅಂತ ಏನಾದರೂ ಬರೆದಿರುತ್ತದೆ, ಆ ಎರಡನೇ ಅಂಕಿಯೇ ಅಗಲ. 35ರಿಂದ 40ರೊಳಗೆ ಇದ್ದರೆ ಸಾಕು.

ಮುಂದಿನ ಚಕ್ರದ ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗು) ನೋಡಿ ಮರುಳಾಗಬೇಡಿ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಅದು ಬರೀ ಭಾರ, ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿಯನ್ನು ಅದೇ ನುಂಗುತ್ತದೆ. ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು), 40ರ ಟೈರು, ಗಾಳಿ ಚೂರು ಕಡಿಮೆ: ನನ್ನ ಆಯ್ಕೆ ಇದು.

ಈಗ ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಂತುಕೊಳ್ಳಿ. ದಪ್ಪ ರಟ್ಟಿನ ಪುಸ್ತಕವನ್ನು ಅದರ ಹೊಲಿಗೆಯ ಬದಿ ಮೇಲೆ ಬರುವಂತೆ ತೊಡೆಗಳ ಮಧ್ಯೆ ಇಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ, ಸೀಟಿನ ಮೇಲೆ ಕೂತಾಗ ಆಗುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿಗೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಟೇಪು ಹಿಡಿಯಿರಿ. ಮೂರು ಸಲ ಅಳೆಯಿರಿ. ಪ್ಯಾಂಟಿನ ಅಳತೆ ಇಲ್ಲಿ ಕೆಲಸಕ್ಕೆ ಬರಲ್ಲ, ಅದು ಸಾಮಾನ್ಯವಾಗಿ ಕಡಿಮೆ. ನನ್ನದು 77 ಸೆಂ.ಮೀ. ಬಂತು.

ಅಂಗಡಿಯಲ್ಲಿ ‘26 ಇಂಚು’ ಅಂದರೆ ಅದು ಸಾಮಾನ್ಯವಾಗಿ ಚಕ್ರದ ಸೈಜು. ಫ್ರೇಮಿನದು 17, 18, 19 ಇಂಚು ಅಂತಲೋ ‘ಎಸ್’, ‘ಎಂ’, ‘ಎಲ್’ ಅಂತಲೋ ಇರುತ್ತದೆ, ಅದರಲ್ಲೂ ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಂ’ ಅಲ್ಲ. ಹಾಗಾಗಿ ಕಂಪನಿಯ ಸೈಟಿನಲ್ಲಿ ಆ ಮಾಡೆಲ್ಲಿನ ಜಾಮೆಟ್ರಿ ಪಟ್ಟಿ (ಫ್ರೇಮಿನ ಅಳತೆಗಳ ಪಟ್ಟಿ) ತೆಗೆದು ‘ಸ್ಟ್ಯಾಂಡ್‌ಓವರ್’ ಅನ್ನುವ ಸಾಲು ಹುಡುಕಿ. ನೆಲದಿಂದ ಮೇಲಿನ ಪೈಪಿಗೆ ಇರುವ ಎತ್ತರ ಅದು. ನಿಮ್ಮ ಕಾಲಿನ ಅಳತೆಗಿಂತ 3-5 ಸೆಂ.ಮೀ. ಕಡಿಮೆ ಇರಬೇಕು, ನನ್ನ ಲೆಕ್ಕದಲ್ಲಿ 72ರಿಂದ 74. ಸಿಗ್ನಲ್ಲಿನಲ್ಲಿ ಗಕ್ಕನೆ ನಿಂತಾಗ ಈ ಮೂರು ಸೆಂಟಿಮೀಟರ್ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ! ಪೈಪು ತೀರಾ ಕೆಳಗೆ ಇಳಿದಿರುವ ಫ್ರೇಮುಗಳಿಗೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಉದ್ದವನ್ನೇ ನೋಡಬೇಕು.

ಉದ್ದ ಅಂದರೆ ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ. ಕೂತು ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಭಾರವೆಲ್ಲ ಅಂಗೈ ಮೇಲೆ ಬೀಳಬಾರದು. ಒಂದೆರಡು ಸೆಂ.ಮೀ. ವ್ಯತ್ಯಾಸ ಇದ್ದರೆ ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಾಯಿಸಿ ಸರಿ ಮಾಡಬಹುದು, ಅದಕ್ಕಿಂತ ಜಾಸ್ತಿ ಆದರೆ ಬೇಡ. ಎರಡು ಸೈಜಿನ ಮಧ್ಯೆ ಸಿಕ್ಕಿಕೊಂಡಿರಾ? ಎರಡೂ ಕೈ ಅಗಲಕ್ಕೆ ಚಾಚಿದ ಅಳತೆ ನಿಮ್ಮ ಎತ್ತರಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು, ಇಲ್ಲದಿದ್ದರೆ ಚಿಕ್ಕದು.

ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಕಾಲಿನ ಅಳತೆಯನ್ನು 0.883ರಿಂದ ಗುಣಿಸಿ, ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರ ಇಡಿಸಿ. ನನಗೆ 68 ಸೆಂ.ಮೀ. ಟೇಪು ಇಲ್ಲವಾ? ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟೇ. ಸೀಟಿನ ಕಂಬದ ಮೇಲೆ, ಇಲ್ಲಿವರೆಗಾದರೂ ಒಳಗಿರಬೇಕು ಅನ್ನುವ ‘ಮಿನಿಮಮ್’ ಗೆರೆ ಹೊರಗೆ ಕಂಡರೆ ಆ ಫ್ರೇಮು ನಿಮಗೆ ಚಿಕ್ಕದು. ಒಂದು ಹಂಪು ಹತ್ತಿಸಿ, ನಿಧಾನಕ್ಕೆ ಸಣ್ಣ ಸುತ್ತು ಹೊಡೆದು ಮುಂದಿನ ಚಕ್ರ ಬೂಟಿನ ತುದಿಗೆ ತಾಗುತ್ತದಾ ನೋಡಿ.

ಹಾಗೇ ಬಗ್ಗಿ ನೋಡಿ, ಮಡ್‌ಗಾರ್ಡ್, ಕ್ಯಾರಿಯರ್ ಹಾಕಲು ಫ್ರೇಮಿನಲ್ಲಿ ತೂತು ಇದೆಯಾ ಅಂತ. ಇಲ್ಲದಿದ್ದರೆ ಜೂನ್ ಬಂದ ಮೇಲೆ ಬೆನ್ನ ಮೇಲೆ ಉದ್ದಕ್ಕೆ ಕೆಸರಿನ ಪಟ್ಟೆ ಹೊತ್ತುಕೊಂಡೇ ಆಫೀಸಿಗೆ ಹೋಗಬೇಕಾಗುತ್ತದೆ.