ಹೊಸದಾಗಿ ಬಿಲ್ಲು ಹಿಡಿಯುವವರಿಗೆ: ಮೊದಲ ಬಿಲ್ಲನ್ನು ಆರಿಸಿಕೊಳ್ಳುವ ಬಗೆ

ಬಿಲ್ಲುಗಾರಿಕೆ ಕಲಿಯಲು ಹೊರಟವರು ಅಂಗಡಿಯವರನ್ನು ಸಾಮಾನ್ಯವಾಗಿ ಮೊದಲು ಕೇಳುವುದು, ಈ ಬಿಲ್ಲಿಗೆ ಎಷ್ಟು ಶಕ್ತಿಯಿದೆ, ಬಾಣ ಎಷ್ಟು ದೂರ ಹೋಗುತ್ತದೆ ಎಂದು. ಈ ಪ್ರಶ್ನೆಯಿಂದ ಆಯ್ಕೆಗೆ ತೊಡಗಿದವರು ಬಹುಪಾಲು ತಮ್ಮ ತೋಳಿಗೆ ಮೀರಿದ ಬಿಲ್ಲನ್ನು ಕೊಂಡು, ಕೆಲವೇ ವಾರಗಳಲ್ಲಿ ಭುಜ ನೋಯಿಸಿಕೊಂಡು, ಅದನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ತುಮಕೂರು, ಗುಬ್ಬಿ, ತಿಪಟೂರಿನಂತಹ ಊರುಗಳಲ್ಲಿದ್ದು, ತಮಗಾಗಿ ಅಥವಾ ಮಕ್ಕಳಿಗಾಗಿ ಮೊದಲ ಬಿಲ್ಲನ್ನು ಕೊಳ್ಳಬೇಕೆಂದಿರುವವರು ಹಣ ಕೊಡುವ ಮೊದಲು ಏನನ್ನು ಅಳೆಯಬೇಕು, ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಕ್ರಾಸ್‌ಬೋ ಎಂದು ಮಾರಾಟವಾಗುವ ಅಡ್ಡಬಿಲ್ಲುಗಳ ಜಾಹೀರಾತುಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಅಮೆರಿಕದಂತಹ ದೇಶಗಳಲ್ಲಿ ಪರವಾನಗಿ ಪಡೆದು ಜಿಂಕೆ ಹೊಡೆಯುವವರಿಗಾಗಿ ತಯಾರಾದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲದೆ ಬಲೆಗೆ ಕೆಡಹುವುದು, ಅಟ್ಟಿಸಿಕೊಂಡು ಹೋಗುವುದು, ಅದಕ್ಕಾಗಿ ಪ್ರಯತ್ನಿಸುವುದು ಕೂಡ ಅದರ ವ್ಯಾಖ್ಯೆಯಲ್ಲಿ ಬೇಟೆಯೇ, ಮತ್ತು ಆ ಕಾಯ್ದೆ ಆಯುಧವೆಂದು ಹೆಸರಿಸುವ ವಸ್ತುಗಳ ಪಟ್ಟಿಯಲ್ಲಿ ಬಿಲ್ಲುಬಾಣಗಳೂ ಇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿಯೇ ಸಂರಕ್ಷಿತ ಪ್ರದೇಶವಿರುವ ಜಿಲ್ಲೆ ನಮ್ಮದು. ಕಾಡುಹಂದಿಗಳು ಹೊಲಕ್ಕೆ ನುಗ್ಗಿ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬಹುದು, ಬಿಲ್ಲು ಅದಕ್ಕೆ ಉತ್ತರವಲ್ಲ. ಆದ್ದರಿಂದ ಈ ಬರಹ ಪೂರ್ತಿಯಾಗಿ ಗುರಿಹಲಗೆಗೆ ಹೊಡೆಯುವ ಬಿಲ್ಲುಗಾರಿಕೆಯನ್ನು ಕುರಿತದ್ದು. ಬೇಟೆಗೆಂದು ಮಾಡಿದ ಅಲಗಿನ ಮೊನೆಯ ಬಾಣಗಳನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ.

ಬೇಟೆಯ ಮಾತನ್ನು ಬದಿಗಿಟ್ಟರೂ ಅಡ್ಡಬಿಲ್ಲು ಹೊಸಬರಿಗೆ ಹೇಳಿಸಿದ್ದಲ್ಲ ಎಂದೇ ನಾನು ಭಾವಿಸುತ್ತೇನೆ. ಅದರ ಹೆದೆ ಎಳೆದು ಸಿಕ್ಕಿಸಿದ ಸ್ಥಿತಿಯಲ್ಲೇ ನಿಂತಿರುವುದರಿಂದ ಕುದುರೆ ಎಂಬ ಟ್ರಿಗರ್‌ಗೆ ಬೆರಳು ತಾಗಿದರೂ ಬಾಣ ಹೊರಟುಬಿಡುತ್ತದೆ, ಹೆದೆ ಸಾಗುವ ದಾರಿಗೆ ಹೆಬ್ಬೆರಳು ಅಡ್ಡ ಬಂದರೆ ಬೆರಳಿಗೇ ಪೆಟ್ಟಾಗುತ್ತದೆ. ಅಲ್ಲದೆ ನಿಲುವು, ಎಳೆತ, ಬಿಡುಗಡೆ ಎಂಬ ಈ ವಿದ್ಯೆಯ ಮೂರು ಮುಖ್ಯ ಪಾಠಗಳಲ್ಲಿ ಎಳೆತವನ್ನು ಅದು ಕಲಿಸುವುದೇ ಇಲ್ಲ.

ಉಳಿದಂತೆ ನಿಮ್ಮ ಮುಂದೆ ಮೂರು ಬಗೆಯ ಬಿಲ್ಲುಗಳಿರುತ್ತವೆ. ಬಿದಿರಿನ ಬಿಲ್ಲು ಅಗ್ಗ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಗಳಲ್ಲಿ 50 ಮತ್ತು 30 ಮೀಟರ್ ದೂರದಿಂದ ಇದರಲ್ಲೇ ಹೊಡೆಯುತ್ತಾರೆ. ಕಾಂಪೌಂಡ್ ಬಿಲ್ಲಿಗೆ ಎರಡು ತುದಿಗಳಲ್ಲೂ ಗಾಲಿಗಳಿದ್ದು, ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯುವ ಭಾರ ಬಹಳ ಕಡಿಮೆ. ಆದರೆ ಅದನ್ನು ಎಳೆಯುವವರ ಅಳತೆಗೆ ಕರಾರುವಾಕ್ಕಾಗಿ ಹೊಂದಿಸಬೇಕು, ಹೆದೆ ಬದಲಿಸಲು ಪ್ರೆಸ್ ಎಂಬ ಯಂತ್ರವೇ ಬೇಕು, ಆ ಕೆಲಸ ಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ಸಣ್ಣ ದುರಸ್ತಿಗೂ ಬೆಂಗಳೂರಿಗೆ ಓಡಾಡಬೇಕಾಗುತ್ತದೆ. ಮೂರನೆಯದು ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ 122 ಸೆಂಟಿಮೀಟರ್ ಅಗಲದ ಹಲಗೆಗೆ ಹೊಡೆಯುವುದು ಈ ಬಗೆಯ ಬಿಲ್ಲಿನಲ್ಲಿ. ಹೊಸಬರಿಗೆ ನಾನು ನಿಸ್ಸಂಕೋಚವಾಗಿ ಸೂಚಿಸುವುದು ಬಿಚ್ಚಿ ಜೋಡಿಸಬಹುದಾದ ರಿಕರ್ವ್ ಬಿಲ್ಲನ್ನು. ರೈಸರ್ ಎಂಬ ಹಿಡಿಯ ಭಾಗವನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಮತ್ತು ಕೆಳಗೆ ಸಿಕ್ಕಿಸುವ, ಲಿಂಬ್ ಎಂಬ ಬಾಗುವ ತೋಳುಗಳನ್ನು ಮಾತ್ರ ಬದಲಿಸುತ್ತಾ ಹೋಗಬಹುದಾದ್ದರಿಂದ, ತೋಳು ಬಲವಾದಂತೆಲ್ಲ ಹೊಸ ಬಿಲ್ಲನ್ನೇ ಕೊಳ್ಳುವ ಖರ್ಚು ತಪ್ಪುತ್ತದೆ.

ಕೊಳ್ಳುವ ಮೊದಲು ಮನೆಯಲ್ಲೇ ಎರಡು ಪರೀಕ್ಷೆಗಳನ್ನು ಮಾಡಿಕೊಳ್ಳಬೇಕು. ಮೊದಲನೆಯದು ಕಣ್ಣಿನದು. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದಿಟ್ಟುಕೊಂಡು ಅದರ ಮೂಲಕ ಗೋಡೆಯ ಗಡಿಯಾರವನ್ನು ನೋಡಿ. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಪ್ರಬಲ ಕಣ್ಣು. ಬಲಗಣ್ಣಿನವರಿಗೆ ಬಲಗೈ ಬಿಲ್ಲು, ಎಂದರೆ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಎಳೆಯುವಂಥದ್ದು. ಎಷ್ಟೋ ಮಂದಿ ಹಿಡಿಯುವ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡು ತಪ್ಪು ಬಿಲ್ಲನ್ನು ತರಿಸಿಕೊಳ್ಳುತ್ತಾರೆ. ರೈಸರ್‌ನಲ್ಲಿ ಬಾಣ ಕೂರಲು ಕತ್ತರಿಸಿರುವ ಕಿಟಕಿ ಒಂದೇ ಬದಿಗಿರುವುದರಿಂದ ಅದನ್ನು ಆಮೇಲೆ ಸರಿಪಡಿಸಲಾಗದು.

ಎರಡನೆಯದು ಎಳೆತದ ಉದ್ದ. ಗೋಡೆಗೆ ಬೆನ್ನು ತಾಗಿಸಿ ನಿಂತು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ, ನಡುಬೆರಳಿನ ತುದಿಯಿಂದ ತುದಿಗೆ ಎಷ್ಟು ಇಂಚು ಎಂದು ಬೇರೊಬ್ಬರಿಂದ ಅಳೆಸಿ, ಬಂದ ಸಂಖ್ಯೆಯನ್ನು ಎರಡೂವರೆಯಿಂದ ಭಾಗಿಸಿ. 65 ಇಂಚು ಬಂದವರ ಎಳೆತ ಸುಮಾರು 26 ಇಂಚು. ಅಂಥವರಿಗೆ 66 ಇಂಚಿನ ಬಿಲ್ಲು ಹೊಂದುತ್ತದೆ, 28ಕ್ಕಿಂತ ಹೆಚ್ಚಿದ್ದರೆ 68 ಅಥವಾ 70 ಇಂಚಿನದು ಬೇಕು. ಇದು ಅಂದಾಜಿನ ಲೆಕ್ಕ. ಹಗುರ ಬಿಲ್ಲಿನಲ್ಲಿ ಕೆಲವು ವಾರ ಅಭ್ಯಾಸವಾದ ಮೇಲೆ ಎಳೆತ ಸ್ಥಿರವಾಗುತ್ತದೆ, ಆಗ ಇನ್ನೊಮ್ಮೆ ಅಳೆಯಬೇಕು. ಬಿಲ್ಲು ಅಗತ್ಯಕ್ಕಿಂತ ಗಿಡ್ಡವಾಗಿದ್ದರೆ ಎಳೆದಾಗ ಹೆದೆಯ ಕೋನ ಚೂಪಾಗಿ ಬೆರಳುಗಳನ್ನು ಹಿಂಡುತ್ತದೆ, ಬಿಡುವಾಗ ಬಾಣ ಅಲುಗುತ್ತದೆ.

ಇನ್ನು ಭಾರದ ವಿಷಯ, ಅಂದರೆ ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾಗುವ ಬಲ. ಇದನ್ನು ಪೌಂಡ್‌ಗಳಲ್ಲಿ ಹೇಳುತ್ತಾರೆ, ಕೆಳಗಿನ ಲಿಂಬ್‌ನ ಒಳಮೈಯಲ್ಲಿ ಬಿಲ್ಲಿನ ಉದ್ದದ ಜೊತೆಗೆ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಆ ಸಂಖ್ಯೆ 28 ಇಂಚಿನ ಎಳೆತಕ್ಕೆ ಸಂಬಂಧಿಸಿದ್ದು. ನೀವು ಒಂದು ಇಂಚು ಕಡಿಮೆ ಎಳೆದರೆ ಸುಮಾರು ಎರಡು ಪೌಂಡ್ ಕಡಿಮೆಯಾಗುತ್ತದೆ, ಒಂದು ಇಂಚು ಹೆಚ್ಚು ಎಳೆದರೆ ಅಷ್ಟೇ ಹೆಚ್ಚುತ್ತದೆ. ಹಾಗಾಗಿ 24 ಎಂದು ಬರೆದ ಬಿಲ್ಲು 26 ಇಂಚು ಎಳೆಯುವವರ ಕೈಯಲ್ಲಿ 20 ಪೌಂಡ್, ಎಂದರೆ ಒಂಬತ್ತು ಕಿಲೋ. ಕೇಳಲು ಇದು ಏನೂ ಅಲ್ಲವೆನಿಸುತ್ತದೆ. ಆದರೆ ದೊಡ್ಡ ಸ್ಪರ್ಧೆಗಳ ಅರ್ಹತಾ ಸುತ್ತಿನಂತೆ 72 ಬಾಣ ಹೊಡೆದರೆ ಆ ಒಂಬತ್ತು ಕಿಲೋವನ್ನು 72 ಸಲ ಎಳೆದು, ಪ್ರತಿ ಸಲವೂ ಕೆಲವು ಕ್ಷಣ ಅಲುಗದೆ ಹಿಡಿದಂತಾಗುತ್ತದೆ. ಎಳೆತದಲ್ಲಿ ದುಡಿಯಬೇಕಾದದ್ದು ಬೆನ್ನಿನ ಮೇಲ್ಭಾಗದ ಸ್ನಾಯುಗಳು. ಹೊಲದಲ್ಲಿ ಗುದ್ದಲಿ ಹಿಡಿದು ಪಳಗಿದ ಗಟ್ಟಿ ತೋಳಿನವರಿಗೂ ಈ ಸ್ನಾಯುಗಳನ್ನು ಈ ಬಗೆಯಲ್ಲಿ ಬಳಸುವ ರೂಢಿ ಇರುವುದಿಲ್ಲ. ಬಿಲ್ಲು ಭಾರವಾದಾಗ ದೇಹ ಅಡ್ಡದಾರಿ ಹುಡುಕುತ್ತದೆ: ಬಿಲ್ಲು ಹಿಡಿದ ಕೈಯ ಭುಜ ಕಿವಿಯ ಕಡೆಗೆ ಏರುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಬೆರಳುಗಳು ಗುರಿ ಕೂಡುವ ಮೊದಲೇ ಹೆದೆಯನ್ನು ಬಿಟ್ಟುಬಿಡುತ್ತವೆ. ಹೀಗೆ ಅಂಟಿಕೊಂಡ ದೋಷಗಳನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಬಹಳ ಕಷ್ಟದ ಕೆಲಸ. ಆದ್ದರಿಂದ ವಯಸ್ಕರು 18ರಿಂದ 24 ಪೌಂಡ್ ಒಳಗೆ, ಹತ್ತು ಹನ್ನೆರಡು ವರ್ಷದ ಮಕ್ಕಳು 10ರಿಂದ 16 ಪೌಂಡ್ ಒಳಗೆ ಆರಂಭಿಸುವುದು ಸರಿ. ಅಂಗಡಿಯಲ್ಲಿ ಅವಕಾಶವಿದ್ದರೆ ಹೆದೆಯನ್ನು ದವಡೆಯ ಕೆಳಗಿನವರೆಗೆ ಎಳೆದು, ನಿಧಾನವಾಗಿ ಹತ್ತು ಎಣಿಸಿ, ಎಳೆದಷ್ಟೇ ನಿಧಾನವಾಗಿ ವಾಪಸು ಬಿಡಿ. ಮಧ್ಯದಲ್ಲಿ ಕೈ ನಡುಗಿದರೆ ಅದಕ್ಕಿಂತ ಹಗುರವಾದದ್ದನ್ನು ಕೇಳಿ, ಪಕ್ಕದಲ್ಲಿ ನಿಂತವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಬಾಣವಿಲ್ಲದೆ ಎಳೆದ ಹೆದೆಯನ್ನು ಮಾತ್ರ ಒಮ್ಮೆಗೇ ಬಿಟ್ಟುಬಿಡಬಾರದು; ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ಗಳಿಗೇ ಮರಳಿ ಅವು ಸೀಳಬಹುದು.

ಬಾಣಗಳನ್ನು ಬಿಲ್ಲು ಗೊತ್ತಾದ ಮೇಲೆಯೇ ಕೊಳ್ಳಬೇಕು. ಬಾಣ ನಿಮ್ಮ ಎಳೆತಕ್ಕಿಂತ ಒಂದೆರಡು ಇಂಚು ಉದ್ದವಿರಲಿ, ಏಕೆಂದರೆ ಗಿಡ್ಡ ಬಾಣದ ಮೊನೆ ಎಳೆದಾಗ ಬಿಲ್ಲಿನಲ್ಲಿ ಬಾಣ ಕೂರುವ ಆಸರೆಯಿಂದ ಜಾರಿ ಒಳಕ್ಕೆ ಬಂದರೆ, ಬಿಟ್ಟ ಕೂಡಲೇ ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ. ಕಾರ್ಬನ್ ಬಾಣಗಳ ಮೇಲೆ ಇರುವ 1000, 800 ಮುಂತಾದ ಸಂಖ್ಯೆಗಳು ಅವು ಎಷ್ಟು ಬಾಗುತ್ತವೆ ಎಂಬುದನ್ನು ತಿಳಿಸುತ್ತವೆ: 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ 880 ಗ್ರಾಂ ತೂಕ ತೂಗಿಸಿದಾಗ ಇಂಚಿನ ಸಾವಿರದ ಎಷ್ಟು ಭಾಗ ಬಾಗಿತು ಎಂಬ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆತು. 20 ಪೌಂಡ್ ಆಸುಪಾಸಿನ ಬಿಲ್ಲಿಗೆ 1000 ಅಥವಾ ಅದಕ್ಕೂ ಮೆತುವಾದದ್ದು ಬೇಕಾಗುತ್ತದೆ. ಅಲ್ಯೂಮಿನಿಯಂ ಬಾಣಗಳ ಸಂಖ್ಯೆಯ ಅರ್ಥ ಬೇರೆ. 1716 ಎಂದರೆ ಕೊಳವೆಯ ವ್ಯಾಸ ಇಂಚಿನ 64ರಲ್ಲಿ 17 ಭಾಗ, ಗೋಡೆಯ ದಪ್ಪ ಸಾವಿರದಲ್ಲಿ 16 ಭಾಗ. ಹೊಲತೋಟಗಳ ನಡುವೆ ಅಭ್ಯಾಸ ಮಾಡುವವರಿಗೆ ಅಲ್ಯೂಮಿನಿಯಂ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಬಾಗುತ್ತದೆ, ಕಾರ್ಬನ್ ಮುರಿದು ಸೂಜಿಯಂತಹ ಎಳೆಗಳಾಗುತ್ತದೆ, ಆ ಎಳೆಗಳು ಹುಲ್ಲಿನೊಡನೆ ದನದ ಹೊಟ್ಟೆ ಸೇರಿದರೆ ಅಪಾಯ. ಕಾರ್ಬನ್ ಬಳಸುವುದೇ ಆದರೆ ಪ್ರತಿ ಸಲ ಹೊಡೆಯುವ ಮೊದಲು ಬಾಣವನ್ನು ಮೆಲ್ಲಗೆ ಬಾಗಿಸಿ, ಬಿರುಕಿನ ಸದ್ದು ಕೇಳಿಸಿದರೆ ಮುರಿದು ಎಸೆಯಿರಿ.

ಬೆರಳಿಗೆ ಚರ್ಮದ ಟ್ಯಾಬ್, ಮುಂಗೈಗೆ ಆರ್ಮ್ ಗಾರ್ಡ್, ಹೆದೆಯೇರಿಸಲು ಸ್ಟ್ರಿಂಗರ್ ಎಂಬ ದಾರ, ಈ ಮೂರೂ ಮೊದಲ ದಿನದಿಂದಲೇ ಬೇಕು. ಕಾಲಿಗೆ ಒತ್ತಿ ಬಿಲ್ಲು ಬಾಗಿಸಿ ಹೆದೆಯೇರಿಸುವ ಅಭ್ಯಾಸದಿಂದ ಲಿಂಬ್ ತಿರುಚಿಕೊಳ್ಳುತ್ತದೆ. ಗುರಿನೋಟದ ಸೈಟ್, ಬಿಲ್ಲು ಅಲುಗದಂತೆ ನೋಡಿಕೊಳ್ಳುವ ಸ್ಟೆಬಿಲೈಸರ್ ಮುಂತಾದವುಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಹಳೆಯ ಬಿಲ್ಲನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹೆದೆಯೇರಿಸಿ ಹಿಂದಿನಿಂದ ನೋಡಿದಾಗ ಹೆದೆ ಎರಡೂ ಲಿಂಬ್‌ಗಳ ನಟ್ಟನಡುವೆ ಹಾದಿರಬೇಕು. ಲಿಂಬ್‌ನ ಉದ್ದಕ್ಕೂ ಹತ್ತಿಯ ಉಂಡೆಯನ್ನು ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಆ ಬಿಲ್ಲು ಬೇಡ. ಹೆದೆ ಸವೆದಿದ್ದರೆ ಚಿಂತೆಯಿಲ್ಲ, ಅದನ್ನು ಬದಲಿಸಬಹುದು. ಆದರೆ ತುದಿಗಳನ್ನು ಬಲಪಡಿಸದ ಹಳೆಯ ಬಿಲ್ಲಿಗೆ ಡೆಕ್ರಾನ್ ಎಂಬ, ತುಸು ಹಿಗ್ಗುವ ದಾರದ ಹೆದೆಯನ್ನೇ ಹಾಕಿಸಬೇಕು.

ಬಿಲ್ಲು ಮನೆಗೆ ಬರುವ ಮೊದಲೇ ಹೊಡೆಯುವ ಜಾಗವನ್ನು ಗೊತ್ತುಮಾಡಿಕೊಂಡಿರಬೇಕು. 20 ಪೌಂಡ್ ಬಿಲ್ಲಿನ ಬಾಣ ಕೂಡ ಮೇಲ್ಮುಖವಾಗಿ ಹಾರಿದರೆ ನೂರು ಮೀಟರ್ ದಾಟಿ ಬೀಳಬಲ್ಲದು. ತೆಂಗಿನ ತೋಟ ಖಾಲಿಯಂತೆ ಕಂಡರೂ ಕಾಯಿ ಆಯುವವರು, ಮೇವಿಗೆ ಬಂದವರು ಯಾವ ಮರದ ಹಿಂದಾದರೂ ಇರಬಹುದು. ಕೆರೆ ಏರಿ ಒಳ್ಳೆಯ ಹಿನ್ನೆಲೆಯಂತೆ ತೋರುತ್ತದೆ, ಆದರೆ ಅದರ ಮೇಲೆ ಜನ ನಡೆದಾಡುತ್ತಾರೆ. ಹಿಂದೆ ಎತ್ತರದ ಮಣ್ಣಿನ ದಿಣ್ಣೆಯಿದ್ದು, ಅದರಾಚೆಗೂ ದಾರಿಯಿಲ್ಲದ ಜಾಗವೇ ಆಗಬೇಕು. ಬಿಗಿಯಾಗಿ ಕಟ್ಟಿದ ಹುಲ್ಲಿನ ಪೆಂಡಿಗಳನ್ನು ಒತ್ತೊತ್ತಾಗಿ ಜೋಡಿಸಿ ಹತ್ತು ಮೀಟರ್‌ನಿಂದ ಆರಂಭಿಸಿ. ಒಮ್ಮೆ ಗುರಿಯಾಗಿ ಬಳಸಿದ ಹುಲ್ಲನ್ನು ಮತ್ತೆ ದನಗಳಿಗೆ ಹಾಕಬೇಡಿ. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಲ್ಲನ್ನು ಬಿಟ್ಟು ಹೋದರೆ ಲಿಂಬ್‌ನ ಅಂಟು ಬಿಟ್ಟುಕೊಳ್ಳಬಹುದು, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಎಚ್ಚರವಿರಲಿ.

ಭಾರ ಹೆಚ್ಚಿಸಲು ಆತುರಪಡಬೇಡಿ. ಒಂದು ದಿನದ ಅಭ್ಯಾಸದ ಕೊನೆಯ ಬಾಣಗಳೂ ಮೊದಲ ಬಾಣಗಳಷ್ಟೇ ನಿರಾಯಾಸವಾಗಿ, ಅದೇ ನಿಲುವಿನಲ್ಲಿ ಹೊರಡುವುದು ವಾರಗಟ್ಟಲೆ ತಪ್ಪದೆ ನಡೆದಾಗ ಮಾತ್ರ ಲಿಂಬ್‌ಗಳನ್ನು ಬದಲಿಸಿ, ಅದೂ ಎರಡರಿಂದ ನಾಲ್ಕು ಪೌಂಡ್ ಮೀರದಂತೆ. ಭಾರ ಬದಲಾದಾಗ ಬಾಣದ ಬಾಗುವ ಗುಣವೂ ಹೊಂದಬೇಕಾದ್ದರಿಂದ, ಹೊಸ ಲಿಂಬ್‌ಗಳ ಬೆಲೆಯ ಜೊತೆಗೆ ಹೊಸ ಬಾಣಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ.