ಮೊದಲು ಹಾಲ್ ಅಳೆಯಿರಿ, ಆಮೇಲೆ ಸ್ಪೀಕರ್ ತನ್ನಿ

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಮೊದಲನೇ ಮಹಡಿ. ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ನೆಲಕ್ಕೆಲ್ಲ ಟೈಲ್ಸ್. ಎಡಗೋಡೆ ತುಂಬ ಗಾಜಿನ ಷೋಕೇಸ್. ಈ ಹಾಲ್‌ಗೆ ನಾನು ಎರಡು ಸಲ ಸ್ಪೀಕರ್ ತಂದವನು.

ಮೊದಲ ಸಲ ತಂದದ್ದು 5.1 ಸೆಟ್. ಅಂಗೈಯಗಲದ ಐದು ಡಬ್ಬಿ, ಜೊತೆಗೊಂದು ಸಬ್‌ವೂಫರ್, ಅಂದರೆ ಬರೀ ಬೇಸ್ ನುಡಿಸುವ ದೊಡ್ಡ ಡಬ್ಬ. ರಾತ್ರಿ ಸಿನಿಮಾದಲ್ಲಿ ಬಾಂಬ್ ಸಿಡಿದಾಗ ಕಿಟಕಿ ಅದುರಿತು, ಖುಷಿಯೋ ಖುಷಿ. ಬೆಳಿಗ್ಗೆ ಅಮ್ಮ ವೀಣೆ ಕಛೇರಿ ಹಾಕು ಅಂದರು. ಹಾಕಿದೆ. ಎರಡು ನಿಮಿಷ ಕೇಳಿ, "ಇದೇನೋ, ವೀಣೆಗೆ ನೆಗಡಿ ಆಗಿದೆಯಾ?" ಅಂದರು.

ಅವರು ಹೇಳಿದ್ದು ಸರಿ. ಪುಟ್ಟ ಡಬ್ಬಿಯೊಳಗೆ ಅದುರಿ ಸದ್ದು ಹೊರಡಿಸುವ ಮೂರು ಇಂಚಿನ ಕೋನ್‌ಗೆ ಕೆಳಗಿನ ಸ್ವರಗಳನ್ನು ನುಡಿಸುವ ತಾಕತ್ತಿಲ್ಲ. ಅವನ್ನೆಲ್ಲ ವೂಫರ್‌ಗೆ ತಳ್ಳುತ್ತದೆ. ವೂಫರ್‌ಗೋ ಧಡಧಡ ಬಿಟ್ಟು ಬೇರೆ ಗೊತ್ತಿಲ್ಲ. ಗಂಡಸರ ದನಿ, ವೀಣೆಯ ಕೊಡದ ಗುಂಗು, ಮೃದಂಗದ ಎಡಗಡೆ, ಎಲ್ಲ ಆ ಎರಡರ ನಡುವಿನ ಸಂದಿಗೆ ಬಿದ್ದು ಹೋಗುತ್ತವೆ. ಸಂಗೀತ, ಸಿನಿಮಾ ಎರಡೂ ಬೇಕು ಅನ್ನುವವರು ಮೊದಲು ಸಂಗೀತಕ್ಕೆ ಸರಿಯಾದದ್ದನ್ನು ತರಬೇಕು. ಅದು ಸಿನಿಮಾಕ್ಕೂ ಆಗುತ್ತದೆ. ಉಲ್ಟಾ ಮಾಡಿದರೆ ಆಗುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ ಹಾಲ್ ಮಧ್ಯೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದಿನ ಹಿಂದೆ 'ಟ್ರಿಂಗ್' ಅಂತ ಬಾಲ ಬಂತಾ? ಹಾಗಿದ್ದರೆ ಮೊದಲ ಖರ್ಚು ಜಮಖಾನೆಗೆ, ದಪ್ಪ ಕರ್ಟನ್‌ಗೆ. ಬರೀ ಟೈಲ್ಸ್, ಬರೀ ಗೋಡೆ ಇರುವ ಹಾಲ್‌ನಲ್ಲಿ ಎಷ್ಟು ದುಡ್ಡಿನ ಸ್ಪೀಕರ್ ಇಟ್ಟರೂ ಕಲ್ಯಾಣ ಮಂಟಪದ ಮೈಕ್ ಥರಾನೇ ಕೇಳಿಸುತ್ತದೆ.

ಏನು ತರಬೇಕು? ನನ್ನ ಉತ್ತರ ಒಂದೇ. ಐದರಿಂದ ಆರೂವರೆ ಇಂಚಿನ ಕೋನ್ ಇರುವ, ಸ್ಟ್ಯಾಂಡ್ ಮೇಲೋ ಮೇಜಿನ ಮೇಲೋ ಇಡುವ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಒಂದು ಜೊತೆ, ಅದನ್ನು ನಡೆಸಲು ಒಂದು ಎವಿ ರಿಸೀವರ್, ಅಂದರೆ ಟಿವಿಯ ಸದ್ದನ್ನು ಎಲ್ಲ ಸ್ಪೀಕರ್‌ಗೂ ಹಂಚುವ ಆಂಪ್ಲಿಫೈಯರ್. ಸಬ್‌ವೂಫರ್ ಆರು ತಿಂಗಳಾದ ಮೇಲೆ, ಸಿನಿಮಾದ ಮಾತು ಬರುವ ನಡುವಿನ ಸ್ಪೀಕರ್, ಅಂದರೆ ಸೆಂಟರ್, ಅದರ ನಂತರ, ಹಿಂದಿನ ಎರಡು ಕೊನೆಗೆ. ಒಟ್ಟಿಗೆ ಐದು ತರುವ ದುಡ್ಡಲ್ಲಿ ಎರಡನ್ನೇ ತಂದರೆ ಎರಡೂ ಒಳ್ಳೆಯವು ಬರುತ್ತವೆ, ಅಲ್ವಾ? ಸಿನಿಮಾ ಅಷ್ಟಾಗಿ ನೋಡದವರಿಗೆ ರಿಸೀವರ್ ಬೇಡ, ಸ್ಟಿರಿಯೋ ಆಂಪ್ಲಿಫೈಯರ್ ಸಾಕು. ಬಾಡಿಗೆ ಮನೆ, ವೈರ್ ಎಳೆಯಲು ಆಗಲ್ಲ ಅನ್ನುವವರು ಸೌಂಡ್‌ಬಾರ್ ತಗೊಳ್ಳಿ. ಟಿವಿಯ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಪೋರ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಆದರೆ ವೀಣೆ ಕೇಳುವ ಆಸೆ ಇಟ್ಟುಕೊಳ್ಳಬೇಡಿ.

ಡಬ್ಬದ ಮೇಲಿನ ಅಂಕಿಗಳ ವಿಷಯ. 'ಪಿಎಂಪಿಒ' ಅಂತ ಸಾವಿರಗಟ್ಟಲೆ ವಾಟ್ ಬರೆದಿದ್ದರೆ ನೋಡಬೇಡಿ, ಅದು ಸುಮ್ನೆ ಬಣ್ಣ. 'ಆರ್‌ಎಂಎಸ್', ಅಂದರೆ ಬಿಡದೆ ಕೊಡಬಲ್ಲ ನಿಜವಾದ ವಾಟ್, ಎಷ್ಟು ಅಂತ ಕೇಳಿ. ಅದಕ್ಕಿಂತ ಮುಖ್ಯ ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಜೋರು. ಒಂದು ಸ್ಪೀಕರ್ 84 ಡೆಸಿಬೆಲ್, ಇನ್ನೊಂದು 87 ಇದೆ ಅಂದುಕೊಳ್ಳಿ. ಬರೀ ಮೂರೇ ಹೆಚ್ಚು ಅನಿಸುತ್ತದೆ. ಆದರೆ ಮೊದಲನೆಯದು ಅಷ್ಟೇ ಜೋರಾಗಿ ಹಾಡಲು ಎರಡರಷ್ಟು ವಾಟ್ ಬೇಕು. ಓಮ್ಸ್, ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆ, ಅದನ್ನೂ ನೋಡಿ. 4 ಓಮ್ಸ್ ಸ್ಪೀಕರ್ ತಂದು, 6ರಿಂದ 8 ಓಮ್ಸ್ ಅಂತ ಬರೆದಿರುವ ರಿಸೀವರ್‌ಗೆ ಕಟ್ಟಿದರೆ ರಿಸೀವರ್ ಬಿಸಿಯಾಗುತ್ತದೆ, ಜೋರು ಮಾಡಿದಾಗ ಆಫ್ ಆಗಬಹುದು.

ಅಂಗಡಿಯಲ್ಲಿ ಅವರು ಹಾಕುವ ಹಾಡು ಕೇಳಬೇಡಿ. ಎಂಥ ಡಬ್ಬದಲ್ಲೂ ಚೆಂದ ಕೇಳುವ ಹಾಡನ್ನೇ ಆರಿಸಿ ಇಟ್ಟುಕೊಂಡಿರುತ್ತಾರೆ. ನಾನು ಪೆನ್‌ಡ್ರೈವ್‌ನಲ್ಲಿ ಮೂರು ಒಯ್ದಿದ್ದೆ. ಅಮ್ಮನ ವೀಣೆ ಕಛೇರಿ, ಚಂಡೆ ಮದ್ದಳೆ ಎರಡೂ ಇರುವ ಯಕ್ಷಗಾನದ ಒಂದು ತುಣುಕು, ಬರೀ ತಂಬೂರಿ ಜೊತೆ ಹೆಣ್ಣುಮಗಳೊಬ್ಬಳ ಆಲಾಪ. ಒಂದು ಸ್ಪೀಕರ್‌ನಲ್ಲಿ ಚಂಡೆ ಏಟು ಚುರುಕ್ ಅಂತ ಬಿತ್ತು, ಆದರೆ ಮದ್ದಳೆ ಎಲ್ಲೋ ಪಕ್ಕದ ಮನೆಯಲ್ಲಿತ್ತು. ಇನ್ನೊಂದರಲ್ಲಿ ಎರಡೂ ಒಂದೇ ರಂಗಸ್ಥಳದಲ್ಲಿದ್ದವು. ಅದನ್ನೇ ತಂದೆ. ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಎರಡು ಸ್ಪೀಕರ್ ಹೋಲಿಸುವಾಗ ಯಾವುದು ಒಂಚೂರು ಜೋರಾಗಿದೆಯೋ ಅದೇ ಚೆನ್ನ ಅಂತ ಕಿವಿ ಹೇಳಿಬಿಡುತ್ತದೆ. ಫೋನ್‌ನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ.

ವೈರ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. 16 ಗೇಜ್ ತಾಮ್ರದ ವೈರ್ ಇಂಥ ಹಾಲ್‌ಗೆ ಧಾರಾಳ. ತುದಿಯನ್ನು ಬ್ಲೇಡ್‌ನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ.

ಕಟ್ಟುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಇದೂ ಹೇಳಬೇಕಾ ಅನ್ನಬೇಡಿ. ನಾನು ಬಲಗಡೆಯದನ್ನು ತಿರುಗಾಮುರುಗಾ ಕಟ್ಟಿ, ಮೂರು ವಾರ "ಬೇಸೇ ಇಲ್ಲ" ಅಂತ ಅಂಗಡಿಯವರಿಗೆ ಫೋನ್ ಮಾಡಿ ಜಗಳ ಆಡಿದ್ದೇನೆ. ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗುತ್ತದೆ, ಬೇಸ್ ಒಂದನ್ನೊಂದು ನುಂಗಿಹಾಕುತ್ತದೆ. ಹಾಡುವವರು ಎರಡು ಸ್ಪೀಕರ್‌ಗಳ ನಡುವೆ ಗಟ್ಟಿಯಾಗಿ ಕೂತ ಹಾಗೆ ಕೇಳಿಸದೆ ಹಾಲ್ ತುಂಬ ಚದುರಿದ ಹಾಗಿದ್ದರೆ ಮೊದಲು ವೈರ್ ನೋಡಿ.

ಇನ್ನು ಇಡುವ ಜಾಗ. ಇಲ್ಲಿ ಖರ್ಚಿಲ್ಲ, ಲಾಭ ಮಾತ್ರ ಜಾಸ್ತಿ. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ, ಪ್ರತಿಯೊಂದರಿಂದ ನಿಮ್ಮ ಸೋಫಾಕ್ಕೂ ಅಷ್ಟೇ ದೂರ ಇರಲಿ. ಟ್ವೀಟರ್, ಅಂದರೆ ಸ್ಪೀಕರ್‌ನಲ್ಲಿ ಮೇಲಿನ ಸ್ವರ ನುಡಿಸುವ ಪುಟ್ಟ ಭಾಗ, ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಹಿಂದುಗಡೆ ತೂತು ಇದ್ದರೆ ಗೋಡೆಯಿಂದ ಒಂದಡಿಯಾದರೂ ಮುಂದೆ ಎಳೆಯಿರಿ. ಎಳೆಯಲು ಜಾಗ ಇಲ್ಲದಿದ್ದರೆ ತೂತಿಗೆ ಒಂದು ಸಾಕ್ಸ್ ತುರುಕಿ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ತಮಾಷೆ ಅಲ್ಲ.

ಸೋಫಾ ಹಾಲ್‌ನ ಸರಿಯಾಗಿ ನಡುಮಧ್ಯೆ ಬೇಡ. 15 ಅಡಿ ಉದ್ದದ ಕೋಣೆಯಲ್ಲಿ 37 ಹರ್ಟ್ಸ್ ಆಸುಪಾಸಿನ ಬೇಸ್ ಎರಡು ಗೋಡೆಗಳ ಹತ್ತಿರ ಉಬ್ಬುತ್ತದೆ, ಮಧ್ಯದಲ್ಲಿ ಮಾಯವಾಗುತ್ತದೆ. ಹಿಂದಿನ ಗೋಡೆಗೆ ಒರಗಿಸಿದರೂ ತಲೆ ಗುಂಯ್ ಅನ್ನುತ್ತದೆ. ನಾನು ಗೋಡೆಯಿಂದ ಮೂರಡಿ ಬಿಟ್ಟಿದ್ದೇನೆ.

ಸಬ್‌ವೂಫರ್ ಎಲ್ಲಿಡಬೇಕು ಅಂತ ಪತ್ತೆ ಮಾಡುವುದು ಹೀಗೆ. ಅದನ್ನು ಎತ್ತಿ ನೀವು ಕೂರುವ ಸೋಫಾ ಮೇಲೆ ಇಡಿ. ಬೇಸ್ ಒಂದೇ ಸಮ ಬರುವ ಹಾಡು ಹಾಕಿ. ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಸುತ್ತಿ. ಎಲ್ಲಿ ಬೇಸ್ ಗುಡುಗದೆ, ಕಾಣೆಯೂ ಆಗದೆ, ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ವೂಫರ್ ಇಡಿ. ನಾನು ಹೀಗೆ ತೆವಳುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಬಂದು, "ಉಂಗುರ ಬಿತ್ತೇನೋ?" ಅಂತ ತಾವೂ ಬಗ್ಗಿ ಹುಡುಕಲು ಶುರು ಮಾಡಿದರು. ಮೂಲೆಯಲ್ಲಿದ್ದ ವೂಫರ್ ಕೊನೆಗೆ ಟಿವಿಯಿಂದ ಎರಡಡಿ ಬಲಕ್ಕೆ ಬಂತು. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು 'ಸ್ಮಾಲ್' ಅಂತ, ಕ್ರಾಸ್‌ಓವರ್ 80 ಹರ್ಟ್ಸ್ ಅಂತ ಇಡಿ, ಅದಕ್ಕಿಂತ ಕೆಳಗಿನ ಸ್ವರಗಳು ವೂಫರ್‌ಗೆ ಹೋಗುತ್ತವೆ. ಸಿನಿಮಾದಲ್ಲಿ ಮಾತು ಕೇಳದೆ ಹೊಡೆದಾಟ ಮಾತ್ರ ಕೇಳಿದರೆ ಸೆಂಟರ್ ಒಂದನ್ನೇ 2 ಡೆಸಿಬೆಲ್ ಏರಿಸಿ. ರಾತ್ರಿ ಹತ್ತಾದ ಮೇಲೆ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್, ಕೆಳಗಿನ ಮನೆಯವರಿಗೋಸ್ಕರ.

ಇಷ್ಟೆಲ್ಲ ಆದ ಮೇಲೂ ಬೇಸ್ ಬಂದಾಗಲೆಲ್ಲ 'ಕಿರ್ರ್' ಅನ್ನುತ್ತಿತ್ತು. ಕೋನ್ ಹರಿಯಿತು ಅಂತಲೇ ಎದೆ ಧಸಕ್ ಅಂದಿತ್ತು. ಸ್ಪೀಕರ್ ಬಿಚ್ಚುವ ಮುಂಚೆ ಸುತ್ತಲಿನ ಸಾಮಾನಿನ ಮೇಲೆ ಒಂದೊಂದಾಗಿ ಕೈ ಒತ್ತಿ ನೋಡಿ. ನಾನು ಷೋಕೇಸ್ ತನಕ ಬಂದೆ. ಅಮ್ಮನ ಪಟ್ಟದ ಗೊಂಬೆಗಳ ಮೇಲೆ ಬೆರಳಿಟ್ಟೆ, ಕಿರ್ರ್ ನಿಂತಿತು. ಮರದ ರಾಜ ರಾಣಿ ಗಾಜಿನ ಹಲಗೆ ಮೇಲೆ ಕುಣಿಯುತ್ತಿದ್ದರು. ಈಗ ಇಬ್ಬರ ಕಾಲಡಿಗೂ ಹಳೇ ರೇಷ್ಮೆ ರವಿಕೆಯ ತುಂಡಿದೆ.