ಊರು ಬಿಡುವವರ ಬಟ್ಟೆ: ಬದಿಯಡ್ಕದ ಟೈಲರ್ ಒಬ್ಬಳ ಸಲಹೆ

ಮೇ ತಿಂಗಳಲ್ಲಿ ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಲ್ಲಿರುವ ನನ್ನ ಅಂಗಡಿಗೆ ಎರಡು ಥರದವರು ಬರುತ್ತಾರೆ. ಮದುವೆಗೆ ಬ್ಲೌಸ್ ಹೊಲಿಸುವವರು, ಮತ್ತೆ ಊರು ಬಿಡುವವರು. ಮದುವೆಯವರಿಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಜಗಳ ಆಡಿಯಾದರೂ ಮಾಡಿಸಿಕೊಳ್ಳುತ್ತಾರೆ. ಊರು ಬಿಡುವವರದ್ದೇ ಕಷ್ಟ. ಪ್ಲಸ್ ಟು ಮುಗಿಸಿದ ಹುಡುಗಿ, ಹಿಂದೆ ಅಮ್ಮ, ಅಮ್ಮನ ಕೈಯಲ್ಲಿ ಜವಳಿ ಅಂಗಡಿಯ ದಪ್ಪ ಚೀಲ. "ಬೆಂಗಳೂರಿಗೆ ಹೋಗುವುದಲ್ವಾ, ಎಲ್ಲ ಹೊಸತೇ ಆಗಲಿ" ಅಂತ ಅಮ್ಮ ಹೇಳುತ್ತಾರೆ. ಹುಡುಗಿ ಮೊಬೈಲಿನಲ್ಲಿ ಯಾವುದೋ ಕೈಯ ಡಿಸೈನ್ ತೋರಿಸುತ್ತಾಳೆ.

ನಾನು ಆ ಚೀಲದಿಂದ ಎರಡೋ ಮೂರೋ ಬಟ್ಟೆ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತೇನೆ. ಓಣಂ ರಜೆಗೆ ಬರುವಾಗ ತನ್ನಿ, ಆಗ ಹೊಲಿಯೋಣ ಅನ್ನುತ್ತೇನೆ. ಇವಳಿಗೆ ವ್ಯಾಪಾರ ಗೊತ್ತಿಲ್ಲ ಅಂತ ಪಕ್ಕದ ಅಂಗಡಿಯವರು ನಗುತ್ತಾರೆ. ನಗಲಿ. ಎರಡು ತಿಂಗಳ ನಂತರ ಆ ಹುಡುಗಿಗೆ ಎಂಥ ಬಟ್ಟೆ ಬೇಕಾಗುತ್ತದೆ ಅಂತ ಈಗ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಯಾಕೆ ಕತ್ತರಿ ಹಾಕುವುದು?

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಂದ, ಅವಳ ಪಿಜಿಯ ಹುಡುಗಿಯರಿಂದ, ರಜೆಗೆ ಬಂದಾಗ ಆಲ್ಟರೇಶನ್‌ಗೆ ಬಟ್ಟೆ ತರುವವರಿಂದ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲ ದಿನಕ್ಕೆ ಹಳೇ ಬಟ್ಟೆ

ಕಾಲೇಜಿನ ಮೊದಲ ದಿನ, ಆಫೀಸಿನ ಮೊದಲ ದಿನ ಹೊಸ ಬಟ್ಟೆ ಹಾಕಬೇಡಿ. ಒಂದು ವರ್ಷವಾದರೂ ಹಾಕಿ ಒಗೆದು, ಮೈಮೇಲೆ ಇದೆ ಅನ್ನುವುದೇ ಮರೆತುಹೋಗುವಂಥದ್ದು ಹಾಕಿಕೊಳ್ಳಿ. ಹೊಸ ಕುರ್ತಾದ ಕುತ್ತಿಗೆ ಚುಚ್ಚುತ್ತದೆ, ಕೈ ಎತ್ತಿದರೆ ಕಂಕುಳ ಹತ್ತಿರ ಎಳೆಯುತ್ತದೆ. ಪ್ಯಾಂಟಿನ ಲಾಡಿ ಎಷ್ಟು ಬಿಗಿ ಮಾಡಬೇಕೆಂಬ ಅಂದಾಜೇ ಇರುವುದಿಲ್ಲ. ಊರು ಹೊಸತು, ಬಸ್ಸಿನ ನಂಬರ್ ಹೊಸತು, ಅಲ್ಲಿಯ ಕನ್ನಡದ ಧಾಟಿಯೂ ಹೊಸತು. ಮೈಮೇಲಿನದ್ದಾದರೂ ಹಳತಿರಲಿ.

ಒಂದು ತಿಂಗಳು ಸುಮ್ನೆ ನೋಡಿ. ನಿಮ್ಮ ಹಾಗೇ ನಡೆದು ಹೋಗುವವರು, ನಿಮ್ಮ ಹಾಗೇ ಬಸ್ಸಿನಲ್ಲಿ ನಿಲ್ಲುವವರು ಏನು ಹಾಕುತ್ತಾರೆ ಅಂತ ನೋಡಿ. ಕಾರಿನಲ್ಲಿ ಬರುವವರನ್ನಲ್ಲ. ಅದರಲ್ಲಿ ನಿಮಗೆ ಯಾವುದು ಹಿಡಿಸಿತೋ ಅದನ್ನು ಆಮೇಲೆ ಕೊಳ್ಳಿ. ಇಲ್ಲಿ ಕೂತು ಬೆಂಗಳೂರನ್ನು ಊಹಿಸಿಕೊಂಡು ಕೊಂಡ ಬಟ್ಟೆಗಳು ರಜೆಯಲ್ಲಿ ಲೇಬಲ್ ಕೀಳದೆ ನನ್ನ ಮೇಜಿಗೆ ಬರುತ್ತವೆ. "ಆಂಟಿ, ಇದನ್ನು ಬೇರೆ ಏನಾದರೂ ಮಾಡಬಹುದಾ?" ಕೆಲವನ್ನು ಮಾಡಬಹುದು. ಗೌನ್‌ನಿಂದ ಟಾಪ್ ತೆಗೆಯಬಹುದು. ಟಾಪ್‌ನಿಂದ ಗೌನ್ ತೆಗೆಯಲು ನನ್ನಿಂದ ಆಗುವುದಿಲ್ಲ.

ಎಷ್ಟು ಬಟ್ಟೆ ಬೇಕು ಅನ್ನುವುದನ್ನು ಒಗೆಯುವ ದಿನದಿಂದ ಲೆಕ್ಕ ಹಾಕಿ. ವಾರಕ್ಕೊಮ್ಮೆ ಒಗೆಯುವುದಾದರೆ ಆರು ಟಾಪ್, ಮೂರು ಬಾಟಮ್, ಒಂದು ಒಳ್ಳೆಯ ಸೆಟ್, ರಾತ್ರಿಗೆ ಎರಡು. ಇಷ್ಟು ಧಾರಾಳವಾಯಿತು. ಎಲ್ಲವನ್ನೂ ಮಂಚದ ಮೇಲೆ ಹರಡಿ ನೋಡಿ. ಒಂದು ಟಾಪ್ ಕಡಿಮೆಯೆಂದರೆ ಎರಡು ಬಾಟಮ್‌ಗಾದರೂ ಹೊಂದಬೇಕು. ಒಂದಕ್ಕೇ ಹೊಂದುವುದಾದರೆ ಅದು ಮನೆಯಲ್ಲೇ ಇರಲಿ. ಕಪ್ಪು, ಕಡುನೀಲಿ, ಮಣ್ಣಿನ ಬಣ್ಣ, ಈ ಮೂರು ಬಾಟಮ್ ಇದ್ದರೆ ಮುಕ್ಕಾಲು ಪಾಲು ಟಾಪ್‌ಗಳು ದಾರಿಗೆ ಬರುತ್ತವೆ.

ನೀರು ನೋಡಿ ಬಣ್ಣ ಆರಿಸಿ

ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಬಟ್ಟೆ ಒಗೆಯುವುದು ಬಾವಿಯ ನೀರಿನಲ್ಲಿ, ಇಲ್ಲವಾದರೆ ಗುಡ್ಡದ ಸುರಂಗದಿಂದ ಬರುವ ನೀರಿನಲ್ಲಿ. ಅದು ಮೆದು ನೀರು. ಬಾರ್ ಸೋಪು ಎರಡು ಸಲ ಉಜ್ಜಿದರೆ ನೊರೆ ತುಂಬಿ ಹೋಗುತ್ತದೆ. ಬೆಂಗಳೂರಿನ ಎಷ್ಟೋ ಪಿಜಿಗಳಲ್ಲಿ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಅಂಟಂಟು ಕೆನೆಯಾಗಿ ಬಟ್ಟೆಯಲ್ಲೇ ಕೂರುತ್ತದೆ. ಬಿಳಿ ಬಟ್ಟೆ ಮೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ, ಟವೆಲ್ ಒರಟಾಗುತ್ತದೆ.

ಅದಕ್ಕೇ ಅಚ್ಚ ಬಿಳಿ ಬಟ್ಟೆ ಜಾಸ್ತಿ ಒಯ್ಯಬೇಡಿ. ಸಣ್ಣ ಹೂವಿನ ಪ್ರಿಂಟ್, ಗೆರೆ, ನಡು ಬಣ್ಣಗಳು ಒಳ್ಳೆಯದು. ಅಲ್ಲಿ ಬಾರ್ ಸೋಪಿನ ಬದಲು ಡಿಟರ್ಜೆಂಟ್ ಪುಡಿಯೋ ಲಿಕ್ವಿಡ್ಡೋ ಹಾಕಿ. ಅದಕ್ಕೆ ಗಡಸು ನೀರಿನ ಕಾಟ ಕಡಿಮೆ.

ದಪ್ಪದ ಟರ್ಕಿ ಟವೆಲ್ ಬೇಡವೇ ಬೇಡ. ಪಿಜಿಯಲ್ಲಿ ನಾಲ್ಕು ಜನರಿಗೆ ಒಂದು ಹಗ್ಗ, ಅದೂ ಬಿಸಿಲು ಬೀಳದ ಜಾಗದಲ್ಲಿ. ನಮ್ಮ ಕೈಮಗ್ಗದ ಬೈರಾಸು, ಅಂದರೆ ತೆಳು ಟವೆಲ್, ಎರಡು ಒಯ್ಯಿರಿ. ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಮೊದಮೊದಲು ರೂಮಿನವರು ನಗಬಹುದು. ಮಗಳ ರೂಮಿನ ಬಳ್ಳಾರಿಯ ಹುಡುಗಿ ಈಗ ನನ್ನಿಂದಲೇ ಬೈರಾಸು ತರಿಸಿಕೊಳ್ಳುತ್ತಾಳೆ.

ಹೊಲಿಸುವ ಮೊದಲು ಬಟ್ಟೆಯನ್ನು ನೀರಿಗೆ ಹಾಕಿ. ಹತ್ತಿ ಬಟ್ಟೆ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ರೇಯಾನ್ ಇನ್ನೂ ಮೋಸ. ಲೈನಿಂಗ್ ಬಟ್ಟೆಯನ್ನೂ ನೆನೆಸಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಹೊರಗಿನದ್ದು ಸರಿಯಾಗಿದ್ದು ಒಳಗಿನದ್ದು ಕುಗ್ಗಿದರೆ ಇಡೀ ಕುರ್ತಾ ಮುದುಡಿ ನಿಲ್ಲುತ್ತದೆ, ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಸೀರೆಯ ಫಾಲ್‌ಗೂ ಇದೇ ಮಾತು.

ಒಳಗೆ ಬಿಡುವ ಬಟ್ಟೆ

ಊರು ಬಿಡುವ ಹುಡುಗಿಯರಿಗೆ ನಾನು ಎರಡೂ ಬದಿಗೆ ಒಂದೂವರೆ ಇಂಚು ಒಳಗೆ ಬಿಡುತ್ತೇನೆ. ಊರಲ್ಲೇ ಇರುವವರಿಗೆ ಮುಕ್ಕಾಲು ಇಂಚು ಸಾಕು. ಯಾಕೆಂದರೆ ಮೈ ಬದಲಾಗುತ್ತದೆ. ಕುಚ್ಚಲಕ್ಕಿ ಗಂಜಿ, ಮೀನಿನ ಸಾರು ತಿಂದು ಬೆಳೆದವರು ಪಿಜಿಯ ಪಲಾವು ತಿಂದು ಕೆಲವರು ಉಬ್ಬುತ್ತಾರೆ. ಕೆಲವರು ಕಡ್ಡಿಯಾಗಿ ಬರುತ್ತಾರೆ. ಕಡ್ಡಿಯಾದವರ ಅಮ್ಮಂದಿರು ಟ್ರಯಲ್ ಪರದೆಯ ಹೊರಗೆ ನಿಂತು ನನ್ನನ್ನೇ ಕೇಳುತ್ತಾರೆ, "ಎಷ್ಟು ಇಂಚು ಇಳಿದಿದ್ದಾಳೆ?" ನಾನು ನಿಜ ಹೇಳುವುದಿಲ್ಲ. "ಬಟ್ಟೆಯೇ ಸ್ವಲ್ಪ ಸಡಿಲ ಇತ್ತು" ಅನ್ನುತ್ತೇನೆ. ಟೇಪು ಹಿಡಿದವಳಿಗೆ ಕಾಣುವುದೆಲ್ಲ ಹೇಳುವಂಥದ್ದಲ್ಲ.

ರೆಡಿಮೇಡ್ ಕೊಳ್ಳುವವರು ಭುಜವನ್ನು ಮೊದಲು ನೋಡಿ. ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಯಲ್ಲೇ ಕೂರಬೇಕು. ಬದಿ ಹಿಡಿಯಬಹುದು, ಉದ್ದ ಕಡಿಮೆ ಮಾಡಬಹುದು. ಭುಜ ತಪ್ಪಿದರೆ ಕೈ ಬಿಚ್ಚಿ ಹೊಸದಾಗಿಯೇ ಹೊಲಿಯಬೇಕಾಗುತ್ತದೆ, ಅಷ್ಟು ಖರ್ಚಿಗೆ ಇನ್ನೊಂದೇ ಬರುತ್ತದೆ. ಆಮೇಲೆ ಒಳಗೆ ತಿರುಗಿಸಿ ಬದಿಯ ಹೊಲಿಗೆ ನೋಡಿ. ಓವರ್‌ಲಾಕ್ ದಾರದ ಪಕ್ಕದಲ್ಲೇ ಹೊಲಿಗೆ ಇದ್ದರೆ ಅಗಲ ಮಾಡಲು ಏನೂ ಉಳಿದಿಲ್ಲ ಅಂತ ಅರ್ಥ. ಬಣ್ಣ ನೋಡಿ ಮರುಳಾಗುವ ಮೊದಲು ಇದೊಂದು ನೋಡಿಬಿಡಿ.

ಚಳಿಯ ಬಗ್ಗೆ ಸ್ವಲ್ಪ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಾವು ಕಡಲ ಬದಿಯವರು. ಡಿಸೆಂಬರ್, ಜನವರಿಯ ಬೆಳಗ್ಗೆ ನಮಗೆ ತಡೆಯುವುದಿಲ್ಲ. ಆದರೆ ದಪ್ಪ ಜಾಕೆಟ್ಟನ್ನು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ಅಲ್ಲೇ ಸಿಗುತ್ತದೆ, ಇಲ್ಲಿಯದಕ್ಕಿಂತ ಒಳ್ಳೆಯದೇ ಸಿಗುತ್ತದೆ. ಒಂದು ಶಾಲು ಮಾತ್ರ ಕೈಚೀಲದಲ್ಲಿರಲಿ. ರಾತ್ರಿ ರೈಲು ಸುಬ್ರಹ್ಮಣ್ಯ ದಾಟಿ ಸಕಲೇಶಪುರದ ಘಾಟಿ ಹತ್ತುವಾಗ ಕಿಟಕಿಯಿಂದ ಬರುವ ಗಾಳಿಗೆ ಚೂಡಿದಾರದ ವೇಲು ಸಾಕಾಗುವುದಿಲ್ಲ.

ಒಂದು ಸೀರೆ, ಎರಡು ಹಬ್ಬ

"ನೀವು ಕೇರಳದವರಾ? ಮತ್ತೆ ಕನ್ನಡ ಹೇಗೆ ಬರುತ್ತದೆ?" ನಮ್ಮ ಕಡೆಯಿಂದ ಹೋದ ಎಲ್ಲರಿಗೂ ಈ ಪ್ರಶ್ನೆ ಬರುತ್ತದೆ. ಆಗಸ್ಟ್, ಸೆಪ್ಟೆಂಬರ್ ಆಯಿತೆಂದರೆ ಆಫೀಸಿನಲ್ಲಿ ಓಣಂ. ನಿಮ್ಮ ಆಧಾರ್ ಕಾರ್ಡಿನಲ್ಲಿ ಕೇರಳ ಇದೆಯಲ್ಲ, ಕಸವು ಸೀರೆ ಉಟ್ಟು ಬನ್ನಿ, ಪೂಕ್ಕಳಂ (ಹೂವಿನ ರಂಗೋಲಿ) ಹಾಕಿ ಅನ್ನುತ್ತಾರೆ. ನವೆಂಬರ್ 1ಕ್ಕೆ ರಾಜ್ಯೋತ್ಸವ. ಆಗ ಹಳದಿ ಕೆಂಪು ಉಡಬೇಕು, ಕನ್ನಡದಲ್ಲಿ ಎರಡು ಮಾತೂ ಆಡಬೇಕು. ಆಡುತ್ತೀರಿ, ಅದರಲ್ಲೇನು. ಆದರೆ 1956ರಲ್ಲಿ ಅದೇ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದು ಅಂತ ಅಲ್ಲಿ ಯಾರಿಗೂ ನೆನಪಿರುವುದಿಲ್ಲ. ನನ್ನ ಅಜ್ಜಿಗೆ ಇತ್ತು.

ಎರಡಕ್ಕೂ ಬೇರೆ ಬೇರೆ ಸೀರೆ ಹೊರುವ ಬದಲು ನಾನು ಒಂದು ಕಾಸರಗೋಡು ಸೀರೆ ಒಯ್ಯಲು ಹೇಳುತ್ತೇನೆ. ಇಲ್ಲಿಯ ನೇಕಾರರ ಸಹಕಾರ ಸಂಘ 1938ರಲ್ಲಿ ಶುರುವಾದದ್ದು, ಈಗಲೂ ಕೈಮಗ್ಗದಲ್ಲೇ ನೇಯುತ್ತಾರೆ. ಸೀರೆಗೆ ಜಿಐ ಗುರುತೂ, ಅಂದರೆ ಈ ಊರಿನದ್ದೇ ಅನ್ನುವ ಸರಕಾರಿ ಗುರುತೂ, ಸಿಕ್ಕಿದೆ. ಹತ್ತಿ ನೂಲು, ಬಣ್ಣ ಬಿಡುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಮೈ ಒಂದು ಬಣ್ಣ, ಅಂಚು ಇನ್ನೊಂದು ಇರುವುದನ್ನು ತೆಗೆದುಕೊಳ್ಳಿ. ಹಳದಿ ಮೈಗೆ ಕೆಂಪು ಅಂಚಿನದು ಸಿಕ್ಕಿದರಂತೂ ಬಿಡಬೇಡಿ. ಓಣಂಗೆ ಕೆನೆ ಬಣ್ಣದ ಬ್ಲೌಸ್, ರಾಜ್ಯೋತ್ಸವಕ್ಕೆ ಕೆಂಪು ಬ್ಲೌಸ್. "ಇದು ಯಾವ ಊರಿನ ಸೀರೆ?" ಅಂತ ಯಾರಾದರೂ ಕೇಳಿದರೆ ಉತ್ತರ ಸುಲಭ.

ಇದಕ್ಕೆ ಗಂಜಿ ಬೇಕು. ಬೆಳ್ತಿಗೆ ಅನ್ನದ ತಿಳಿ ಮಾತ್ರ ಹಾಕಿ. ಕುಚ್ಚಲಕ್ಕಿಯದ್ದು ಕೆಂಪು, ತಿಳಿ ಬಣ್ಣದ ಬಟ್ಟೆಗೆ ಮಾಸಲು ಕೊಡುತ್ತದೆ. ಪಿಜಿಯಲ್ಲಿ ಗಂಜಿ ಎಲ್ಲಿಂದ ಬರಬೇಕು, ಅಲ್ಲಿ ಬಾಟಲಿಯ ಸ್ಟಾರ್ಚ್ ಆದೀತು.

ಹುಡುಗರಿಗೆ ಹೇಳಲು ನನ್ನ ಹತ್ತಿರ ಜಾಸ್ತಿ ಇಲ್ಲ, ನಾನು ಹೊಲಿಯುವುದು ಹೆಂಗಸರ ಬಟ್ಟೆ. ಎರಡು ಒಳ್ಳೆಯ ಫುಲ್ ಕೈ ಶರ್ಟು, ಎರಡು ಪ್ಯಾಂಟು, ಒಂದು ಬಿಳಿ ಡಬ್ಬಲ್ ಮುಂಡು. ಮುಂಡು ಪೆಟ್ಟಿಗೆಯ ತಳದಲ್ಲಿದ್ದರೂ ಪರವಾಗಿಲ್ಲ, ಮಲಯಾಳಿ ಗೆಳೆಯನ ಮದುವೆಗೋ ಆಫೀಸಿನ ಓಣಂಗೋ ಬೇಕಾಗಿಯೇ ಆಗುತ್ತದೆ. ಶೂ ಮಾತ್ರ ಸಂಜೆ ಹೊತ್ತಿಗೆ ಹೋಗಿ ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ವರ್ಷವಿಡೀ ಹವಾಯಿ ಚಪ್ಪಲಿಯಲ್ಲಿ ತಿರುಗಿದ ನಮ್ಮವರ ಪಾದ ಬೇರೆ ಅಗಲ.

ಮನೆಯಲ್ಲಿ ಉಳಿಯುವುದು

ಹೊರಡುವಾಗ ಬೀರು ಪೂರ್ತಿ ಖಾಲಿ ಮಾಡಬೇಡಿ. ಎರಡು ಜೊತೆ ಮನೆಬಟ್ಟೆ, ಒಂದು ದೇವಸ್ಥಾನಕ್ಕೆ ಹೋಗುವಂಥದ್ದು, ಒಂದು ಹಳೇ ನೈಟಿ ಬಿಟ್ಟು ಹೋಗಿ. ರಜೆಗೆ ಬರುವಾಗ ಚೀಲ ಹಗುರ ಆಗುತ್ತದೆ. ಮತ್ತೆ, ಬಂದ ಕೂಡಲೇ ಮೈಗೆ ಹಾಕಲು ಒಂದು ಬಟ್ಟೆ ಇಲ್ಲಿದೆ ಅನ್ನುವುದೂ ಇರುತ್ತದಲ್ಲ. ನಾನು ಅಡೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ಅಮ್ಮ ನನ್ನ ಲಂಗ ದಾವಣಿಗಳನ್ನೆಲ್ಲ ತಂಗಿಗೆ ಕೊಟ್ಟುಬಿಟ್ಟರು. ಉಪಯೋಗ ಆಗಲಿ ಅಂತಲೇ ಕೊಟ್ಟದ್ದು, ಸರಿಯೇ. ಆದರೂ ತವರಿಗೆ ಹೋದಾಗ ಅತಿಥಿಯ ಹಾಗೆ ಚೀಲದಿಂದಲೇ ಸೀರೆ ತೆಗೆದು ಉಡಬೇಕಾಗುತ್ತಿತ್ತು. ಮಗಳ ಬೀರುವಿಗೆ ನಾನು ಕೈ ಹಾಕುವುದಿಲ್ಲ.

ಅಮ್ಮಂದಿರಿಗೆ ಒಂದು ಕೆಲಸ ಇದೆ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲದಲ್ಲಿ ಬೀರುವಿನಲ್ಲಿ ಇಡಬೇಡಿ. ಆಟಿ ತಿಂಗಳ ತೇವಕ್ಕೆ ಮೊದಲು ಬೂಸ್ಟು ಹಿಡಿಯುವುದು ಅದಕ್ಕೇ. ಗಂಜಿ ಹೋಗುವ ಹಾಗೆ ಒಗೆದು, ಚೆನ್ನಾಗಿ ಒಣಗಿಸಿ ಇಡಿ. ನಡುವೆ ಎಂದಾದರೂ ಬಿಸಿಲು ಬಿದ್ದರೆ ಎಲ್ಲವನ್ನೂ ಹೊರಗೆ ಹಾಕಿ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದನ್ನು ಮಾತ್ರ ಮಕ್ಕಳ ಪೆಟ್ಟಿಗೆಗೆ ತುಂಬಬೇಡಿ. ಹೊಗೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ, ಪಕ್ಕದ ಮಂಚದವರಿಗೆ ಗೊತ್ತಾಗುತ್ತದೆ.

ಹುಡುಗರು ಬಿಟ್ಟು ಹೋದ ಬಟ್ಟೆಗೆ ಅಪ್ಪಂದಿರು ಇದ್ದಾರೆ. ನಮ್ಮ ಕಡೆ ಅಡಿಕೆಗೆ ಮದ್ದು ಬಿಡುವ ಹೊತ್ತಿನಲ್ಲಿ ಯಾವ ತೋಟಕ್ಕೆ ಹೋದರೂ ಕಾಣುವ ದೃಶ್ಯ: ಮಗನ ಕಾಲೇಜು ಡೇ ಟೀಶರ್ಟು ಹಾಕಿದ ಅಪ್ಪ, ಎದೆಯಲ್ಲಿ ಬ್ಯಾಚಿನ ಹೆಸರು, ಮೈತುಂಬ ಮೈಲುತುತ್ತಿನ ನೀಲಿ ಚುಕ್ಕೆ. ಆ ಕಲೆ ಹೋಗುವುದಿಲ್ಲ. ಬಾಳೆಯ ಸೊನೆ, ಗೇರಿನ ಸೊನೆಯೂ ಹೋಗುವುದಿಲ್ಲ. ಅರಸಿನ ಮಾತ್ರ ಬಿಸಿಲಿಗೆ ಹಾಕಿದರೆ ತಾನಾಗಿ ಮಾಸುತ್ತದೆ. ಆದ್ದರಿಂದ ಮುಂದೆ ಬೇಕೆನಿಸುವ ಟೀಶರ್ಟನ್ನು ಬೀಗ ಹಾಕಿಯೇ ಇಟ್ಟು ಹೋಗಿ.

ಅಳತೆ ಕಳಿಸುವುದು ಹೇಗೆ

ಹೊರಡುವ ಮೊದಲು ಚೆನ್ನಾಗಿ ಕೂರುವ ಒಂದು ಕುರ್ತಾ, ಒಂದು ಬ್ಲೌಸ್ ನಿಮ್ಮ ಟೈಲರ್ ಹತ್ತಿರ ಅಳತೆಗೆ ಬಿಟ್ಟು ಹೋಗಿ. ಆರು ತಿಂಗಳಾದ ಮೇಲೆ ಅದನ್ನೇ ನಂಬಬೇಡಿ, ಹೊಸ ಅಳತೆ ಕಳಿಸಿ. ಮೈಗೆ ಟೇಪು ಸುತ್ತಿ ನೀವೇ ಅಳೆದರೆ ತಪ್ಪುತ್ತದೆ, ಉಸಿರು ಒಳಗೆ ಎಳೆದುಕೊಂಡೇ ಅಳೆಯುವವರು ಜಾಸ್ತಿ. ಈಗ ಸರಿಯಾಗಿ ಕೂರುತ್ತಿರುವ ಕುರ್ತಾ ಒಂದನ್ನು ಮೇಜಿನ ಮೇಲೆ ಸುಕ್ಕಿಲ್ಲದೆ ಹರಡಿ. ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಡ್ಡ ಅಳೆದು ಎರಡು ಪಟ್ಟು ಮಾಡಿ, ಅದು ಎದೆ. ಸೊಂಟ, ಹಿಪ್ಪು ಕೂಡ ಹಾಗೇ. ಭುಜ ಹೊಲಿಗೆಯಿಂದ ಹೊಲಿಗೆಗೆ. ಉದ್ದ ಕುತ್ತಿಗೆ ಪಕ್ಕದ ಭುಜದಿಂದ ಕೆಳಗಿನ ಅಂಚಿನ ತನಕ. ಟೇಪು ಇಟ್ಟಿರುವಾಗಲೇ ಫೋಟೋ ತೆಗೆದು ವಾಟ್ಸಾಪ್ ಮಾಡಿ, ನಂಬರ್ ಮಾತ್ರ ಬರೆದು ಕಳಿಸಬೇಡಿ. ಇಂಚೋ ಸೆಂಟಿಮೀಟರೋ ಅಂತ ನನಗೆ ಗೊತ್ತಾಗಬೇಕಲ್ಲ.

ಓಣಂಗೆ ಬೇಕಾದರೆ ಜುಲೈ ಒಳಗೆ ಹೇಳಿ. ಆಮೇಲೆ ಯಾರು ಫೋನ್ ಮಾಡಿದರೂ ನನಗೆ ಪುರುಸೊತ್ತಿಲ್ಲ.